ಬೇಯಿಸಿದ ತಂಬಾಕಿಗೆ ಎಷ್ಟು ತೇವ?

ಬೇಯಿಸಿ ಮುಗಿದಾಗ ಬ್ಯಾರನ್ನಿನಲ್ಲಿರುವ ತಂಬಾಕಿನ ಎಲೆ ಹಪ್ಪಳದಂತಿರುತ್ತದೆ. ಕೂಡಲೇ ಇಳಿಸಿದರೆ ಪುಡಿಯಾಗುತ್ತದೆ. ರಾತ್ರಿ ಬಾಗಿಲು ತೆರೆದಿಟ್ಟು, ಗಾಳಿಯ ತೇವವನ್ನು ಎಲೆ ಹೀರಿಕೊಳ್ಳಲು ಬಿಡಿರಿ. ಬಳಿಕ ಒಂದು ಹಿಡಿ ಎಲೆಯನ್ನು ಅಂಗೈಯಲ್ಲಿ ಹಿಸುಕಿ ನೋಡಿರಿ. ಚಟಚಟ ಎಂದರೆ ತೇವ ಸಾಲದು; ಮುದ್ದೆಯಾಗಿಯೇ ಉಳಿದರೆ ಹೆಚ್ಚಾಯಿತು; ಮೆಲ್ಲಗೆ ಬಿಚ್ಚಿಕೊಂಡರೆ ಸರಿಯಾದ ಹದ.

ಹುಣಸೂರು, ಪಿರಿಯಾಪಟ್ಟಣದ ಕಡೆ ಎಲೆ ಬೇಯಿಸುವುದು ಮಳೆಗಾಲದಲ್ಲೇ ಆರಂಭವಾಗುವುದರಿಂದ ಹೆಚ್ಚಿನ ತೇವದ ಕಾಟವೇ ಜಾಸ್ತಿ. ಆದ್ದರಿಂದ ಅಟ್ಟಿಯನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಒಟ್ಟಿ, ಆಗಾಗ್ಗೆ ಒಳಗೆ ಕೈಯಿಟ್ಟು ನೋಡಬೇಕು. ಬಿಸಿ ಕಂಡರೆ ಅಂದೇ ಬಿಚ್ಚಿ ಮೇಲು ಕೆಳಗು ಮಾಡಿರಿ. ತಡವಾದರೆ ಹಳದಿ ಎಲೆ ಕಪ್ಪಾಗಿ, ಬೂಷ್ಟು ಹಿಡಿದು, ಹರಾಜಿನಲ್ಲಿ ಬೆಲೆ ಕುಸಿಯುತ್ತದೆ. ತೂಕ ಬರಲೆಂದು ನೀರು ಚಿಮುಕಿಸುವವರೂ ಉಂಟು. ಆ ಮುಗ್ಗಲು ವಾಸನೆಯನ್ನು ಕೊಳ್ಳುವವನ ಮೂಗು ಬಿಡುವುದಿಲ್ಲ.