ಮೊದಲು ಯಾವ ಹೆಜ್ಜೆ?

ನಮ್ಮಂತೆಯೇ ಗಡಿಯಾಚೆ ಉಳಿದ ಹೊಸೂರು, ಕೃಷ್ಣಗಿರಿಯ ಕನ್ನಡ ಮನೆಗಳಲ್ಲೂ ಮಗನಾಗಿ ಬೆಳೆದವರು ‘ನಾನು ಹೆಣ್ಣು’ ಎಂದಾಗ ಹೆತ್ತವರನ್ನು ಕಾಡುವುದು ಶಸ್ತ್ರಚಿಕಿತ್ಸೆಯ ಭಯ. ಅದು ಮೊದಲ ಹೆಜ್ಜೆಯಲ್ಲ. ಎಲ್ಲರಿಗೂ ಬೇಕೆಂದೂ ಇಲ್ಲ. ಲಿಂಗ ಗುರುತಿಗಾಗಿ ಅದನ್ನು ಒತ್ತಾಯಿಸುವುದು ಅಕ್ರಮವೆಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು.

ಬೇಡವೆನಿಸಿದರೆ ಬಿಡಬಹುದಾದುದು ಮೊದಲಿರಲಿ: ಕರೆಯುವ ಹೆಸರು, ಉಡುಪು, ಕೂದಲು. ಬಳಿಕ ದಾಖಲೆ. ಗಜೆಟ್ಟಿಗೆ ಅರ್ಜಿ ಹಾಕುವಾಗ ಹಳೆಯ ಹೆಸರು, ಇನಿಷಿಯಲ್ ಸಹಿತ, ಶಾಲೆಯ ಸರ್ಟಿಫಿಕೇಟಿನಲ್ಲಿದ್ದಂತೆಯೇ ಇರಲಿ.

ಹಾರ್ಮೋನಿನಿಂದ ಬೆಳೆದ ಎದೆ ಔಷಧಿ ನಿಲ್ಲಿಸಿದರೂ ಮೊದಲಿನಂತಾಗದು. ಆದುದರಿಂದ ಅಂಗಡಿಯಿಂದ ತಾವೇ ಮಾತ್ರೆ ತರಬಾರದು; ವೈದ್ಯರ ಸಲಹೆ, ರಕ್ತಪರೀಕ್ಷೆ ಮೊದಲಾಗಲಿ.

ತಮಿಳುನಾಡು ಸರಕಾರ 2008ರಲ್ಲಿಯೇ ಇಂಥವರಿಗಾಗಿ ಕಲ್ಯಾಣ ಮಂಡಳಿ ರಚಿಸಿತು. ಆದರೆ ಮಗಳು ಮನೆ ಬಿಡದಂತೆ ನೋಡಿಕೊಳ್ಳುವ ಹೆಜ್ಜೆಯನ್ನು ಹೆತ್ತವರೇ ಇಡಬೇಕು. ಅದು ಎಲ್ಲಕ್ಕೂ ಮೊದಲಿನದು.