ಸೀಸದ ಗುಂಡಿಗೆ ಎಷ್ಟು ಮದ್ದು? ಮ್ಯಾಗ್ನಂ ಕಾಡತೂಸಿನ ಒಳಲೆಕ್ಕ

ಮದ್ದು ಹೆಚ್ಚಾದರೆ ಕೋವಿ ಸಿಡಿಯುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಮದ್ದು ಕಡಿಮೆಯಾದರೂ ಅಪಾಯ ತಪ್ಪಿದ್ದಲ್ಲ ಎಂಬುದು ಮಾತ್ರ ಅನೇಕರಿಗೆ ತಿಳಿಯದು. ಬಳಸಿದ ಹಿತ್ತಾಳೆ ಕಾಡತೂಸಿಗೆ ಮತ್ತೆ ಮದ್ದು ತುಂಬಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಬಹಳ ಹಳೆಯದು. ಸೀಸ ಕರಗಿಸಿ ತಾವೇ ಎರಕ ಹೊಯ್ದ ಗುಂಡನ್ನು ಮ್ಯಾಗ್ನಂ ರಿವಾಲ್ವರಿನಲ್ಲಿ ಬಳಸುವ ಅಲ್ಲಿನ ಹವ್ಯಾಸಿಗಳ ಮುಂದಿರುವ ಪ್ರಶ್ನೆ ಒಂದೇ: ಯಾವ ಮದ್ದು, ಎಷ್ಟು? ಉತ್ತರ ತಪ್ಪಿದರೆ ದಂಡ ತೆರಬೇಕಾದುದು ಕಣ್ಣು, ಕೈಬೆರಳು.

ಸಿಡಿದ ರಿವಾಲ್ವರು ಕಲಿಸಿದ ಪಾಠ

ಈ ಕಥೆಯ ಮೊದಲ ಪುಟಗಳಲ್ಲಿ ಎಲ್ಮರ್ ಕೀತ್ (1899–1984) ಎಂಬ ಹೆಸರಿದೆ. ಇದಾಹೋ ರಾಜ್ಯದಲ್ಲಿ ದನಗಾಹಿಯಾಗಿ, ಬೇಟೆಗಾರನಾಗಿ, ಲೇಖಕನಾಗಿ ಬಾಳಿದ ಈತ 1920ರ ದಶಕದಲ್ಲಿ .45 ಕೋಲ್ಟ್ ರಿವಾಲ್ವರಿಗೆ ಮಿತಿಮೀರಿ ಮದ್ದು ತುಂಬಿ ಅದರ ಸಿಲಿಂಡರನ್ನೇ ಒಡೆದುಕೊಂಡಿದ್ದ. ಆ ರಿವಾಲ್ವರಿನ ಸಿಲಿಂಡರಿನಲ್ಲಿ ರಂಧ್ರಗಳು ದೊಡ್ಡವು. ಆದುದರಿಂದ ಅವುಗಳ ನಡುವಿನ ಗೋಡೆ ತೆಳು. ಇದನ್ನು ಅರಿತ ಕೀತ್, ರಂಧ್ರ ಕಿರಿದಾಗಿ ಗೋಡೆ ದಪ್ಪವಾಗಿದ್ದ .44 ಸ್ಪೆಷಲ್ ಕಡೆಗೆ ತಿರುಗಿದ. ಅದಕ್ಕಾಗಿ ಸುಮಾರು 250 ಗ್ರೇನ್, ಅಂದರೆ 16 ಗ್ರಾಂ ತೂಕದ ಎರಕದ ಗುಂಡೊಂದನ್ನೂ ರೂಪಿಸಿದ.

1935ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಮತ್ತು ವಿಂಚೆಸ್ಟರ್ ಸಂಸ್ಥೆಗಳು .357 ಮ್ಯಾಗ್ನಂ ಅನ್ನು ಹೊರತಂದವು. ಅದರ ಕಾಡತೂಸು ಹಿಂದಿನ .38 ಸ್ಪೆಷಲ್‌ಗಿಂತ ಸುಮಾರು ಅಂಗುಲದ ಎಂಟನೆಯ ಒಂದು ಭಾಗದಷ್ಟು ಉದ್ದ. ಉದ್ದ ಹೆಚ್ಚಿಸಿದ್ದು ಮದ್ದಿಗೆ ಜಾಗ ಬೇಕೆಂದಲ್ಲ, ಹಳೆಯ .38 ರಿವಾಲ್ವರುಗಳೊಳಗೆ ಅದು ಹಿಡಿಯಬಾರದೆಂದು. ಇಂದಿನ ಅಮೆರಿಕನ್ ಮಾನದಂಡದಂತೆ .38 ಸ್ಪೆಷಲ್‌ನ ಒತ್ತಡದ ಮಿತಿ ಚದರ ಅಂಗುಲಕ್ಕೆ 17,000 ಪೌಂಡ್; .357ರದು 35,000. ಕೀತ್ ಬಹುಕಾಲ ಒತ್ತಾಯಿಸಿದ .44 ಮ್ಯಾಗ್ನಂ 1955–56ರಲ್ಲಿ ಬಂದಿತು.

ವೇಗದ ಮದ್ದು, ನಿಧಾನದ ಮದ್ದು

ಹೊಗೆರಹಿತ ಮದ್ದಿನ ಗುಣ ಇರುವುದು ಅದು ಉರಿಯುವ ವೇಗದಲ್ಲಿ. ಕಾಳಿನ ಗಾತ್ರ, ಆಕಾರ ಮತ್ತು ಮೇಲ್ಲೇಪನ ಆ ವೇಗವನ್ನು ಹತೋಟಿಯಲ್ಲಿಡುತ್ತವೆ. ಬುಲ್ಸ್‌ಐ ಎಂಬ ಮದ್ದು ಥಟ್ಟನೆ ಉರಿಯುವಂಥದು. ಯೂನೀಕ್ ಮಧ್ಯಮ. 2400 ಮತ್ತು ಎಚ್110 ಎಂಬುವು ನಿಧಾನದವು.

ವೇಗದ ಮದ್ದಿನ ಒತ್ತಡ, ಗುಂಡು ಇನ್ನೂ ಹೊರಟಿರುವಾಗಲೇ ಶಿಖರ ಮುಟ್ಟಿ ಇಳಿಯುತ್ತದೆ. ನಿಧಾನದ ಮದ್ದು ಗುಂಡು ನಳಿಕೆಯಲ್ಲಿ ಸಾಗಿದಷ್ಟೂ ಹಿಂದಿನಿಂದ ನೂಕುತ್ತಿರುತ್ತದೆ. ಹೀಗಾಗಿ ಅದೇ ಒತ್ತಡದ ಮಿತಿಯೊಳಗೆ ಹೆಚ್ಚು ವೇಗ ದೊರಕುವುದು ನಿಧಾನದ ಮದ್ದಿನಿಂದಲೇ.

ಎರಡರಲ್ಲಿಯೂ ಒಂದೊಂದು ಬಲೆಯಿದೆ. ವೇಗದ ಮದ್ದು ಬೇಕಾಗುವುದು ಅತ್ಯಲ್ಪ. ಉದ್ದನೆಯ ಮ್ಯಾಗ್ನಂ ಕಾಡತೂಸಿನಲ್ಲಿ ಅದು ತಳದಲ್ಲಿಯೇ ಉಳಿಯುತ್ತದೆ. ಮೈಮರೆತು ಎರಡನೆಯ ಸಲ ತುಂಬಿದರೂ ಕಾಡತೂಸು ಉಕ್ಕುವುದಿಲ್ಲ. ರಿವಾಲ್ವರು ಸಿಡಿಯಲು ಅಷ್ಟು ಸಾಕು. ನಿಧಾನದ ಮದ್ದು ಕಾಡತೂಸನ್ನು ಬಹುಪಾಲು ತುಂಬುವುದರಿಂದ ಎರಡು ಸಲ ಹಾಕಿದರೆ ಹೊರಚೆಲ್ಲಿ ತಾನೇ ಎಚ್ಚರಿಸುತ್ತದೆ. ಆದರೆ ಎಚ್110 ಮದ್ದನ್ನು ಮಿತಿಗಿಂತ ಕಡಿಮೆ ಮಾಡಿದರೆ ಅದು ಸಮನಾಗಿ ಉರಿಯದು. ಗುಂಡು ನಳಿಕೆಯ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಮತ್ತೊಮ್ಮೆ ಕುದುರೆ ಎಳೆದರೆ ಎರಡನೆಯ ಗುಂಡು ಮೊದಲನೆಯದಕ್ಕೆ ಬಡಿದು ನಳಿಕೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಈ ಮದ್ದನ್ನು ಇಳಿಸಬಾರದೆಂದು ಅದರ ಮಾರಾಟಗಾರರೇ ಎಚ್ಚರಿಸಿದ್ದಾರೆ.

ಅಚ್ಚುಮೊಳೆಯ ಲೋಹ

ಮದ್ದಿನ ಆಯ್ಕೆಗೆ ಗುಂಡಿನ ಲೋಹವೂ ಹೊಂದಬೇಕು. ಶುದ್ಧ ಸೀಸದ ಗಡಸುತನ ಬ್ರಿನೆಲ್ ಮಾಪನದಲ್ಲಿ ಸುಮಾರು 5. ತವರ ಮತ್ತು ಆಂಟಿಮನಿ ಬೆರೆತಂತೆ ಅದು ಏರುತ್ತದೆ. ಶೇಕಡಾ 90 ಸೀಸ, 5 ತವರ, 5 ಆಂಟಿಮನಿ ಇರುವ ಮಿಶ್ರಣದ ಗಡಸುತನ ಸುಮಾರು 15. ಲೈನೋಟೈಪ್ ಲೋಹದ್ದು ಸುಮಾರು 22. ಕನ್ನಡದ ಹಳೆಯ ಮುದ್ರಣಾಲಯಗಳ ಅಚ್ಚುಮೊಳೆಗಳೂ ಇವೇ ಮೂರು ಲೋಹಗಳ ಎರಕ. ಅಮೆರಿಕದ ಪತ್ರಿಕೆಗಳು 1970ರ ದಶಕದಲ್ಲಿ ಬಿಸಿಲೋಹದ ಮುದ್ರಣವನ್ನು ಕೈಬಿಟ್ಟಾಗ, ಗುಜರಿಗೆ ಬಿದ್ದ ಆ ಲೋಹ ಗುಂಡು ಎರಕದವರ ಪಾಲಿಗೆ ಒದಗಿತು.

ಗಡಸುತನದ ಅಂಕಿಯನ್ನು 1,420ರಿಂದ ಗುಣಿಸಿದರೆ ಆ ಲೋಹ ತಾಳುವ ಒತ್ತಡದ ಅಂದಾಜು ಸಿಗುತ್ತದೆಂಬುದು ಹವ್ಯಾಸಿಗಳ ಸ್ಥೂಲ ಲೆಕ್ಕ. 15ರ ಗಡಸಿಗೆ ಇದು ಸುಮಾರು 21,000 ಪೌಂಡ್. ಇದಕ್ಕೂ ಮೀರಿದ ಒತ್ತಡಕ್ಕೆ ಇನ್ನಷ್ಟು ಗಡಸಾದ ಲೋಹವನ್ನೋ, ಗುಂಡಿನ ಬುಡಕ್ಕೆ ತೊಡಿಸುವ ತಾಮ್ರದ ಪುಟ್ಟ ಬಟ್ಟಲನ್ನೋ ಆಶ್ರಯಿಸುತ್ತಾರೆ. ಹಾಗೆಂದು ಗಡಸು ಹೆಚ್ಚಿದಷ್ಟೂ ಒಳಿತೆನ್ನುವಂತಿಲ್ಲ. ಒತ್ತಡ ಕಡಿಮೆಯಿದ್ದಾಗ ಗಡಸು ಗುಂಡಿನ ಬುಡ ಹಿಗ್ಗಿ ನಳಿಕೆಯನ್ನು ಮುಚ್ಚುವುದಿಲ್ಲ; ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಕೆಗೆ ಮೆತ್ತುತ್ತದೆ. 1935ರ ಮೊದಲ .357 ಗುಂಡುಗಳನ್ನು ಕಾಡಿದ್ದೂ ಈ ಮೆತ್ತುವಿಕೆಯೇ. ಗಡಸುತನಕ್ಕಿಂತ ಅಳತೆ ಮುಖ್ಯವೆಂಬುದು ಅನುಭವಿಗಳ ತೀರ್ಮಾನ; .357ರ ರಿವಾಲ್ವರಿಗೆ ಸಾಮಾನ್ಯವಾಗಿ .358 ಅಂಗುಲದ ಎರಕದ ಗುಂಡು ಬಳಸುತ್ತಾರೆ.

ಪುಸ್ತಕವೇ ಪ್ರಮಾಣ

ಮದ್ದಿನ ತೂಕವನ್ನು ಬಾಯಿಮಾತಿನಿಂದ ಪಡೆಯಬಾರದು. ತಯಾರಕರ ಕೈಪಿಡಿಯೇ ಪ್ರಮಾಣ. ಗುಂಡಿನ ತೂಕ ಮತ್ತು ಲೋಹ, ಮದ್ದಿನ ಹೆಸರು, ಕೇಪು ಎಲ್ಲವೂ ಅದರಂತೆಯೇ ಇರಬೇಕು. ಆರಂಭದ ಅಂಕಿಯಿಂದ ಹೊರಟು ಸ್ವಲ್ಪ ಸ್ವಲ್ಪವೇ ಏರುವುದು ವಾಡಿಕೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ ಮಾತ್ರ. ಆದುದರಿಂದ ತಕ್ಕಡಿ ನಿಖರವಾಗಿರಬೇಕು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು. ಗುಂಡು ಕೂರಿಸುವ ಮುನ್ನ ಪ್ರತಿ ಕಾಡತೂಸಿನೊಳಗೆ ಬೆಳಕು ಬಿಟ್ಟು ನೋಡಬೇಕು. ಹಾರಿಸುವಾಗ ಸದ್ದು ಕ್ಷೀಣವಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಕಾಡತೂಸುಗಳನ್ನೆಲ್ಲ ತೆಗೆದ ಬಳಿಕ ನಳಿಕೆ ಖಾಲಿಯಿದೆಯೇ ಎಂದು ಪರೀಕ್ಷಿಸಬೇಕು.

ಸೀಸದ ಕೇಡು ಮನೆಮಂದಿಗೂ ತಟ್ಟುವಂಥದು. ಕೈಗೆ, ಬಟ್ಟೆಗೆ ಅಂಟಿದ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಮಕ್ಕಳಿಗೆ ಸುರಕ್ಷಿತವಾದ ಸೀಸದ ಮಟ್ಟವೆಂಬುದೇ ಇಲ್ಲವೆಂದು ವೈದ್ಯವಿಜ್ಞಾನ ಹೇಳುತ್ತದೆ. ಹದ್ದುಗಳಿಗೆ ವಿಷವಾಗುತ್ತದೆಂಬ ಕಾರಣದಿಂದ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈನಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿದೆ.

ಭಾರತದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೋವಿ ಇಟ್ಟುಕೊಳ್ಳಲು ದೊರೆತ ಪರವಾನಗಿ, ಕಾಡತೂಸು ತಯಾರಿಸಲು ದೊರೆತ ಅನುಮತಿಯಲ್ಲ.