ತಾಂಡಾ, ಹಟ್ಟಿ ಮತ್ತು ದೇವರ ಅಂಗಳ

ಸರ್ವೆಯವರು ಸರಪಳಿ ಹಿಡಿದು ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಹಳ್ಳಿಯ ನಕ್ಷೆ ಸಿದ್ಧವಾಗಿತ್ತು. ಗುಡಿ ಎಲ್ಲಿ, ಕೇರಿ ಎಲ್ಲಿ, ಯಾರಿಗೆ ಯಾವ ಬಾವಿ, ಯಾರ ಹೆಣ ಯಾವ ದಾರಿಯಲ್ಲಿ ಹೋಗಬೇಕು ಎಂಬುದೆಲ್ಲ ತೀರ್ಮಾನವಾಗಿತ್ತು. ಅದಕ್ಕೆ ಕೊಟ್ಟ ಕಾರಣ ದೇವರದು: ದೇವರಿಗೆ ಮೈಲಿಗೆ ಆಗದು, ಆದ್ದರಿಂದ ಇಂಥವರು ಇಷ್ಟು ದೂರ.

ಹನ್ನೆರಡನೆಯ ಶತಮಾನದ ಶರಣರು ಈ ಲೆಕ್ಕಾಚಾರದ ಬುಡವನ್ನೇ ಅಲುಗಿಸಿದರು. ಹೊನ್ನಾಳಿ, ನ್ಯಾಮತಿಗಳಿಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರೆಂದು ಪ್ರತೀತಿ. ಕಲ್ಲಿನ ಗುಡಿಗಿಂತ ಮನುಷ್ಯನ ಶರೀರವೇ ದೇವರಿಗೆ ಹತ್ತಿರದ ನೆಲೆ ಎಂದು ಒಪ್ಪಿದ ಮೇಲೆ, ಗುಡಿಯಿಂದ ಯಾರ ಮನೆ ಎಷ್ಟು ದೂರ ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ. ‘ಸ್ಥಾವರ’, ‘ಜಂಗಮ’ ಎಂಬ ಜೋಡಿ ಪದಗಳ ತಿರುಳು ಇದು. ಕಾಲಾಂತರದಲ್ಲಿ ಜಂಗಮವೂ ಮಠ ಕಟ್ಟಿಕೊಂಡು ಸ್ಥಾವರವಾಯಿತೆಂಬುದು ಬೇರೆ ಮಾತು.

ಜಂಗಮವೆಂಬ ಪದ ಅಕ್ಷರಶಃ ಒಪ್ಪುವ ಜನ ಇದೇ ಸೀಮೆಯಲ್ಲಿದ್ದಾರೆ. ಲಂಬಾಣಿಗಳು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಸಂತೆಯಿಂದ ಸಂತೆಗೆ, ದಂಡಿನಿಂದ ದಂಡಿಗೆ ನಡೆದವರು. ರೈಲು ಬಂದ ಮೇಲೆ ಹೇರಿನ ಕಸುಬು ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲದಲ್ಲಿ ಅಲೆದಾಟವೇ ಅನುಮಾನಕ್ಕೆ ಕಾರಣವಾಯಿತು. ನಿಲ್ಲೋಣವೆಂದರೆ ಜಾಗವಿಲ್ಲ, ನಡೆಯೋಣವೆಂದರೆ ಪೊಲೀಸರ ಕಣ್ಣು. ಹೀಗೆ ಊರಿನಾಚೆ ಬಿಡಾರ ಹೂಡಿದವರದೇ ಚನ್ನಗಿರಿ, ಹೊನ್ನಾಳಿ ಕಡೆಯ ತಾಂಡಾಗಳು. ಊರಿಗೆ ಗೌಡ, ಶಾನುಭೋಗರಿದ್ದಂತೆ ತಾಂಡಾಕ್ಕೆ ನಾಯಕ, ಕಾರಭಾರಿ, ಡಾವ್.

ಈ ಜನರ ಗುರು ಸೇವಾಲಾಲರು 1739ರಲ್ಲಿ ಹುಟ್ಟಿದ್ದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂದು ಸಮುದಾಯದ ನಂಬಿಕೆ. ಭಾಯಾಗಡ್ ಎಂದೂ ಹೆಸರಾದ ಅಲ್ಲಿಗೆ ಫೆಬ್ರವರಿ ನಡುವಿನ ಜಯಂತಿಗೆ ದೂರದೂರದ ತಾಂಡಾಗಳವರು ಬರುತ್ತಾರೆ. ತನ್ನ ಭಗತನಾಗೆಂದು ಮರಿಯಮ್ಮ ಕರೆದಾಗ, ಪ್ರಾಣಿಬಲಿ ಒಪ್ಪದ ಸೇವಾಲಾಲರು ಹಿಂಜರಿದರಂತೆ. ದೇವಿ ಮುನಿದಳು, ತಾಂಡಾಕ್ಕೆ ಸಂಕಟಗಳು ಬಂದವು, ಕಡೆಗೆ ಇಬ್ಬರಿಗೂ ಹೊಂದಿಕೆಯಾಯಿತು. ವಿವರಗಳಲ್ಲಿ ಒಬ್ಬೊಬ್ಬರು ಹೇಳುವುದು ಒಂದೊಂದು ಬಗೆ. ಇಂದಿಗೂ ಎಷ್ಟೋ ತಾಂಡಾಗಳಲ್ಲಿ ಎರಡು ಗುಡಿಗಳು ಅಕ್ಕಪಕ್ಕ ನಿಂತಿರುತ್ತವೆ. ಸೇವಾಲಾಲರ ಗುಡಿಗೆ ಸಿಹಿ, ಮರಿಯಮ್ಮನ ಗುಡಿಗೆ ಬಲಿ. ಎರಡು ಭಕ್ತಿಗಳ ಜಗಳವನ್ನು ಒಂದನ್ನು ಹೊರಗಟ್ಟದೆ ಬಗೆಹರಿಸಿದ ಈ ಏರ್ಪಾಡು ಪಂಡಿತರ ಗಮನಕ್ಕೆ ಅಷ್ಟಾಗಿ ಬಿದ್ದಂತಿಲ್ಲ. ಭೋಗ್ ಎಂಬ ಪೂಜೆಯಲ್ಲಿ ಕೆಂಡಕ್ಕೆ ತುಪ್ಪ, ಸಿಹಿ ಅರ್ಪಿಸಿ ಮಾಡುವ ಅರದಾಸ್ ಪ್ರಾರ್ಥನೆಯಂತೂ ಇರುವೆಯಿಂದ ಹಿಡಿದು ಎಲ್ಲ ಜೀವಗಳಿಗೂ ಒಳಿತನ್ನು ಕೋರುತ್ತದೆ.

ಪ್ರಾರ್ಥನೆಗೆ ಪಹಣಿ ಬೇಡ, ಮನೆಗೆ ಬೇಕು. ಕಂದಾಯ ಗ್ರಾಮವಲ್ಲದ ತಾಂಡಾದಲ್ಲಿ ತಲೆಮಾರುಗಳಿಂದ ಬಾಳಿದವನಿಗೂ ಮನೆಯಡಿಯ ನೆಲ ತನ್ನದೆನ್ನಲು ಕಾಗದವಿರಲಿಲ್ಲ. ಭೂಸುಧಾರಣಾ ಕಾಯ್ದೆಗೆ 2016ರಲ್ಲಿ ಸಿದ್ಧವಾದ ತಿದ್ದುಪಡಿ, ದಾಖಲೆಯಿಲ್ಲದ ಇಂಥ ವಸತಿಗಳಲ್ಲಿ ವಾಸಿಸುವವನನ್ನೇ ಮನೆಯ ಒಡೆಯನೆಂದು ಒಪ್ಪಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ನಡೆಯಿತು.

ಅದೇ ತಿದ್ದುಪಡಿಯ ವ್ಯಾಪ್ತಿಗೆ ಗೊಲ್ಲರಹಟ್ಟಿಗಳೂ ಬರುತ್ತವೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ಕಾಡುಗೊಲ್ಲರ ಹಟ್ಟಿಗಳ ಸೀಮೆ. ಊರು ಹಟ್ಟಿಯನ್ನು ದೂರವಿಟ್ಟಿದ್ದು ನಿಜ. ಆದರೆ ಹಟ್ಟಿಗೂ ತನ್ನದೇ ಒಂದು ಹೊರಗು ಉಂಟು. ಹಟ್ಟಿಯ ದೇವರಿಗೆ ಸೂತಕ ಆಗದೆಂದು ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹೊರಗಿನ ಗುಡಿಸಲಲ್ಲಿ ಇರಿಸುವ ಕಟ್ಟಳೆ ಕಾಡುಗೊಲ್ಲರ ಅನೇಕ ಹಟ್ಟಿಗಳಲ್ಲಿ ಬೇರುಬಿಟ್ಟಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಮಳೆಯಲ್ಲಿ ಹೊರಗಿನ ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಹೀಗೆ ಹೊರಗಿಡುವುದು ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಂತೆ ಅಪರಾಧ. ಅದು ಜಾರಿಗೆ ಬಂದದ್ದು 2020ರಲ್ಲಿ.

ಹಟ್ಟಿಯ ಹಿರಿಯರ ಮುಂದೆ ಕಾಯ್ದೆಯ ಕಲಮು ಓದಿದರೆ ಮುಗಿಯುವುದಿಲ್ಲ. ದೇವರು ಮುನಿದರೆ ಯಾರು ಹೊಣೆ ಎಂಬುದು ಅವರ ಮರುಪ್ರಶ್ನೆ. ಮರಿಯಮ್ಮ ಮುನಿದಾಗ ಸೇವಾಲಾಲರ ಮುಂದೆ ಇದ್ದದ್ದೂ ಅದೇ ಪ್ರಶ್ನೆ.